ಟೈನ್ ನದಿಯ ಸ್ಟೇಥ್‌ಗಳು: ಉಳಿದ ವೆಚ್ಚ, ಅಳಿದ ಕಸುಬು

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಹಡಗುಗಳಿಗೆ ಕಲ್ಲಿದ್ದಲು ತುಂಬಲು ನದೀದಂಡೆಯಲ್ಲಿ ನಿರ್ಮಿಸಿದ ಕಟ್ಟೆಗಳನ್ನು 'ಸ್ಟೇಥ್' ಎನ್ನುವರು. ಟೈನ್ ನದಿಯ ಮೇಲ್ಭಾಗಕ್ಕೆ ಹಡಗು ಹೋಗುವಂತಿರಲಿಲ್ಲ. ನೀರು ಆಳವಿರಲಿಲ್ಲ, ನ್ಯೂಕ್ಯಾಸಲ್‌ನ ಹಳೆಯ ಸೇತುವೆಯೂ ಅಡ್ಡವಾಗಿತ್ತು. ಆದ್ದರಿಂದ ಕಲ್ಲಿದ್ದಲು ಸ್ಟೇಥ್‌ನಿಂದ 'ಕೀಲ್' ಎಂಬ ದೋಣಿಗಿಳಿದು, ಸಲಿಕೆಗಳ ಮೂಲಕ ಹಡಗು ಸೇರುತ್ತಿತ್ತು.

ಕೀಲ್ ಕೇವಲ ದೋಣಿಯಲ್ಲ, ಅಳತೆಯ ಮಾನವೂ ಹೌದು. ಅಧಿಕ ಹೇರಿ ಸುಂಕ ತಪ್ಪಿಸುವುದನ್ನು ತಡೆಯಲು ದೋಣಿಗಳನ್ನು ಅಳೆದು ಗುರುತು ಹಾಕಬೇಕೆಂದು 1421ರಲ್ಲೇ ಶಾಸನವಾಯಿತು. ಮುಂದೆ ಒಂದು ಕೀಲ್ ಎಂದರೆ 8 ಚಾಲ್ಡ್ರನ್, ಅಂದರೆ 21 ಟನ್‌ಗಿಂತ ತುಸು ಹೆಚ್ಚು ಎಂದು ನಿಗದಿಯಾಯಿತು. ಕೂಲಿಯೂ ದೋಣಿಯ ಲೆಕ್ಕದಲ್ಲೇ ಸಂದಾಯವಾಗುತ್ತಿದ್ದುದರಿಂದ ಹೆಚ್ಚುವರಿ ಹೇರು ದೋಣಿಗಾರನ ಪಾಲಿಗೆ ಬಿಟ್ಟಿದುಡಿಮೆ! ಲೆಕ್ಕಪುಸ್ತಕದಲ್ಲಿ ಕಾಣದ ಈ ನಷ್ಟಕ್ಕಾಗಿ ಮುಷ್ಕರಗಳು ನಡೆದವು.

ಆದರೆ ಅವರ ಕಸುಬಿಗೆ ಕುತ್ತು ತಂದುದು ಬೇರೆಯೇ. ಸೇತುವೆಯ ಕೆಳಗಿನ ಸ್ಟೇಥ್‌ಗಳಲ್ಲಿ ಜಾರುಕೊಳವೆಗಳನ್ನು ಅಳವಡಿಸಿ, ಕಲ್ಲಿದ್ದಲನ್ನು ನೇರವಾಗಿ ಹಡಗಿನೊಡಲಿಗೆ ಸುರಿಯತೊಡಗಿದರು. ಒಂದು ಹಂತದ ಕೂಲಿ ಉಳಿಯಿತು. ಇದನ್ನು ವಿರೋಧಿಸಿ ದೋಣಿಗಾರರು 1822ರಲ್ಲಿ ಹೂಡಿದ ದೀರ್ಘ ಮುಷ್ಕರ ಫಲಿಸಲಿಲ್ಲ.

ಹಳೆಯ ಸೇತುವೆಯಿದ್ದ ಸ್ಥಳದಲ್ಲಿ 1876ರಲ್ಲಿ ತಿರುಗುವ ಸೇತುವೆ ಬಂದು ಹಡಗುಗಳಿಗೆ ಮೇಲ್ಭಾಗದ ದಾರಿ ತೆರೆಯಿತು. ನಾರ್ತ್ ಈಸ್ಟರ್ನ್ ರೈಲ್ವೆ 1893ರಲ್ಲಿ ಡನ್‌ಸ್ಟನ್‌ನಲ್ಲಿ ತೆರೆದ ಮರದ ಸ್ಟೇಥ್‌ನ ಉದ್ದ 526 ಮೀಟರ್. ವ್ಯಾಗನ್‌ಗಳು ಮೇಲೇರಿ ಬಂದು ತಳದ ಬಾಗಿಲು ತೆರೆದರೆ ಸಾಕು, ಉಳಿದುದು ಗುರುತ್ವಾಕರ್ಷಣೆಯ ಕೆಲಸ. ಹಡಗಿನೊಳಗೆ ಕಲ್ಲಿದ್ದಲನ್ನು ಸಮತಟ್ಟುಗೊಳಿಸಲು ಮಾತ್ರ ಆಳುಗಳು ಬೇಕಿದ್ದರು. 1980ರಲ್ಲಿ ಅದು ಮುಚ್ಚಿತು. 1990ರ ಉದ್ಯಾನೋತ್ಸವಕ್ಕೆ ದುರಸ್ತಿ ಕಂಡ ಆ ಕಟ್ಟೆಯ ಒಂದು ಭಾಗವನ್ನು 2003ರ ಬೆಂಕಿ ಸುಟ್ಟಿತು.