ನಿಮಗಿದು ಗೊತ್ತೇ? ಫೋನಿನೊಳಗಿನ ಎಲೆಮರೆಯ ಕಾಯಿಗಳು!

ನಿಮ್ಮ ಆಂಡ್ರಾಯ್ಡ್ ಫೋನನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ. ಅಲ್ಲೇ ಮೂಲೆಯಲ್ಲೆಲ್ಲೋ ‘ಸಿಸ್ಟಮ್ ಆ್ಯಪ್‌ಗಳನ್ನು ತೋರಿಸಿ’ ಅಂತ ಇರುತ್ತದೆ. ಒತ್ತಿ ನೋಡಿ. ಅಬ್ಬಬ್ಬಾ, ಪಟ್ಟಿ ಹನುಮಂತನ ಬಾಲದ ಹಾಗೆ ಬೆಳೆಯಿತಲ್ಲ! ಫೋನ್ ಸರ್ವಿಸಸ್, ಸಿಮ್ ಟೂಲ್‌ಕಿಟ್, ಕಾಂಟ್ಯಾಕ್ಟ್ಸ್ ಸ್ಟೋರೇಜ್, ಕ್ಯಾರಿಯರ್ ಸರ್ವಿಸಸ್... ಇವನ್ನು ನೀವು ಹಾಕಿಕೊಂಡವರಲ್ಲ. ಒಂದು ದಿನವೂ ತೆರೆದವರಲ್ಲ. ಹಲವಕ್ಕೆ ಐಕಾನ್ ಕೂಡ ಇಲ್ಲ. ಆದರೆ ನಿಮಗೆ ಬರುವ ಒಂದೊಂದು ಕರೆಯೂ, ಒಂದೊಂದು ಒಟಿಪಿಯೂ ಇವುಗಳ ಕೈ ದಾಟಿಯೇ ಬರಬೇಕು!

ನೀವು ದಿನಾ ಒತ್ತುವ ಹಸಿರು ‘ಫೋನ್’ ಆ್ಯಪ್ ಇದೆಯಲ್ಲ, ಅದು ಕರೆಯನ್ನೇ ಮಾಡುವುದಿಲ್ಲ! ಹೋಟೆಲಿನಲ್ಲಿ ಆರ್ಡರ್ ಬರೆದುಕೊಳ್ಳುವ ಮಾಣಿಯ ಕೆಲಸ ಅದರದು. ನಂಬರ್ ಕೇಳಿಕೊಂಡು ಒಳಗೆ ಕೂಗಿ ಹೇಳುತ್ತದೆ, ಅಷ್ಟೇ. ಯಾವ ಸಿಮ್‌ನಿಂದ ಕರೆ ಹೋಗಬೇಕು? ಆಗಲೇ ಇನ್ನೊಂದು ಕರೆ ನಡೆಯುತ್ತಿದ್ದರೆ ಅದನ್ನು ಏನು ಮಾಡಬೇಕು? ದನಿ ಹೋಗಬೇಕಾದ್ದು ಸ್ಪೀಕರ್‌ಗೋ, ಕಿವಿಯಲ್ಲಿರುವ ಬ್ಲೂಟೂತ್‌ಗೋ? ಇದನ್ನೆಲ್ಲ ತೀರ್ಮಾನಿಸುವುದು ‘ಟೆಲಿಕಾಂ’ ಎಂಬ ಒಳಗಿನ ಆ್ಯಪ್. ಮೊಡೆಮ್‌ಗೆ ಸುದ್ದಿ ಮುಟ್ಟಿಸುವುದು ‘ಫೋನ್ ಸರ್ವಿಸಸ್’. ಪ್ಲೇ ಸ್ಟೋರ್‌ನಿಂದ ಬಣ್ಣಬಣ್ಣದ ಬೇರೆ ಡಯಲರ್ ಹಾಕಿಕೊಳ್ಳಿ ಬೇಕಾದರೆ. ಬದಲಾಗುವುದು ಮಾಣಿ ಮಾತ್ರ, ಅಡುಗೆಯವರು ಅವರೇ!

ಇನ್ನೂ ಸ್ವಾರಸ್ಯ ಕೇಳಿ. ಆ ಬೇರೆ ಡಯಲರ್‌ನಿಂದ ನೀವು 112 ಒತ್ತಿದಿರಿ ಎನ್ನಿ. ಟೆಲಿಕಾಂ ತಕ್ಷಣ ಅದನ್ನು ಪಕ್ಕಕ್ಕೆ ಸರಿಸಿ, ಫೋನಿನ ಜತೆ ಬಂದ ಮೂಲ ಡಯಲರ್‌ಗೇ ಕರೆಯನ್ನು ಒಪ್ಪಿಸಿಬಿಡುತ್ತದೆ. ಜೀವದ ವಿಷಯದಲ್ಲಿ ಹೊಸಬರನ್ನು ನಂಬುವುದಿಲ್ಲ! ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಫೋನ್ ಪಕ್ಕದ ಯಾವುದೇ ಕಂಪನಿಯ ಟವರ್ ಹಿಡಿದು ಕರೆ ಹಚ್ಚಲು ನೋಡುತ್ತದೆ. ಜಿಎಸ್‌ಎಂ ನಿಯಮದಂತೆ 112 ಮತ್ತು ಅಮೆರಿಕದ 911, ಎರಡೂ ತುರ್ತು ನಂಬರ್ ಎಂಬುದು ಫೋನಿಗೆ ಹುಟ್ಟಿನಿಂದಲೇ ಗೊತ್ತು!

‘ಕಾಮ್ ಡಾಟ್ ಆಂಡ್ರಾಯ್ಡ್ ಡಾಟ್ ಫೋನ್ ನಿಂತುಹೋಗಿದೆ’ ಎಂಬ ಸಂದೇಶ ನಿಮ್ಮ ಫೋನಿನಲ್ಲಿ ಎಂದಾದರೂ ಬಂದಿತ್ತೇ? ವೈರಸ್ ಬಂತೆಂದು ಎಷ್ಟೋ ಜನ ಹೆದರುತ್ತಾರೆ. ವೈರಸ್ಸೂ ಅಲ್ಲ, ಮಣ್ಣೂ ಅಲ್ಲ. ಅದು ಫೋನ್ ಸರ್ವಿಸಸ್‌ನ ಒಳಹೆಸರು! ಸಾಮಾನ್ಯ ಆ್ಯಪ್ ಬಿದ್ದರೆ ನೀವೇ ಮತ್ತೆ ತೆರೆಯಬೇಕು. ಇದು ಹಾಗಲ್ಲ. ಬಿದ್ದ ಕೂಡಲೇ ಆಂಡ್ರಾಯ್ಡ್ ತಾನಾಗಿಯೇ ಇದನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತದೆ. ಅದಕ್ಕೇ ಸಿಗ್ನಲ್ ಕಡ್ಡಿಗಳು ಒಂದು ಗಳಿಗೆ ಮಾಯವಾಗಿ ಮತ್ತೆ ಬರುವುದು!

ನಿಮ್ಮ ಫೋನ್ ಒಂದು ಕಂಪ್ಯೂಟರ್ ಅಲ್ಲ, ಎರಡು! ಫೋಟೊ, ಆಟ, ವಿಡಿಯೊ ನೋಡಿಕೊಳ್ಳುವುದು ಒಂದು. ಟವರ್ ಜತೆ ಮಾತಾಡುವ ಮೊಡೆಮ್ ಇನ್ನೊಂದು. ಅದಕ್ಕೆ ಅದರದೇ ಸಾಫ್ಟ್‌ವೇರ್. ಇವೆರಡೂ ಮಾತಾಡಿಕೊಳ್ಳುವ ಭಾಷೆ ಯಾವುದು ಗೊತ್ತೇ? ಹೊಸ ಮೊಡೆಮ್‌ಗಳಿಗೆ ಬೇರೆ ಭಾಷೆಗಳೂ ಇವೆ. ಆದರೆ ಗೂಗಲ್ ಮಾದರಿಯಾಗಿ ಕೊಟ್ಟ ಕೋಡ್‌ನಲ್ಲಿರುವುದು 1981ರ ಹೇಸ್ ಸ್ಮಾರ್ಟ್‌ಮೊಡೆಮ್ ಕಾಲದ ‘ಎಟಿ’ ಭಾಷೆ! ‘ಎ, ಟಿ, ಡಿ’, ಮುಂದೆ ನಂಬರ್, ಕೊನೆಗೊಂದು ಅರ್ಧವಿರಾಮ. ಆ ಪುಟ್ಟ ಅರ್ಧವಿರಾಮ ಇದ್ದರೆ ಮಾತಿನ ಕರೆ. ಮರೆತರೆ ಮೊಡೆಮ್ ಅದನ್ನು ಡೇಟಾ ಕರೆ ಅಂದುಕೊಳ್ಳುತ್ತದೆ!

ಜೇಬಿನಲ್ಲಿರುವ ಫೋನ್ ಸದಾ ಟವರ್‌ಗೆ ಕಿವಿಗೊಟ್ಟು ಕೂತಿರುತ್ತದೆ ಅಂದುಕೊಂಡಿದ್ದೀರಾ? ಇಲ್ಲವೇ ಇಲ್ಲ, ಅದರದು ಕೋಳಿನಿದ್ದೆ! 4ಜಿಯಲ್ಲಿ ಮೊಡೆಮ್ 0.32 ಸೆಕೆಂಡಿನಿಂದ 2.56 ಸೆಕೆಂಡಿಗೊಮ್ಮೆ, ಕಂಪನಿ ಇಟ್ಟ ಲೆಕ್ಕದಂತೆ, ಕಣ್ಣು ಬಿಡುತ್ತದೆ. ‘ನನ್ನನ್ನು ಯಾರಾದರೂ ಕರೆದರಾ?’ ಅಂತ ಕೇಳಿಸಿಕೊಂಡು ಮತ್ತೆ ಮಲಗುತ್ತದೆ. ಕರೆದಿದ್ದರೆ ಮಾತ್ರ ದೊಡ್ಡ ಕಂಪ್ಯೂಟರನ್ನು ಅಲುಗಾಡಿಸಿ ಎಬ್ಬಿಸುತ್ತದೆ. ಬ್ಯಾಟರಿ ಸಂಜೆವರೆಗೂ ಉಳಿಯುವುದರಲ್ಲಿ ಈ ಕೋಳಿನಿದ್ದೆಯ ಪಾಲು ಬಲು ದೊಡ್ಡದು!

ಅಮ್ಮನ ನಂಬರನ್ನು ನೀವು ಸೊನ್ನೆ ಹಾಕಿ ಸೇವ್ ಮಾಡಿದ್ದೀರಿ. ಕರೆ ಬರುವಾಗ ಮುಂದೆ ‘+91’ ಇರುತ್ತದೆ. ಎರಡೂ ಒಂದೇ ಅಲ್ಲ. ಆದರೂ ತೆರೆಯ ಮೇಲೆ ‘ಅಮ್ಮ’ ಅಂತಲೇ ಬರುತ್ತದಲ್ಲ, ಹೇಗೆ? ಆಂಡ್ರಾಯ್ಡ್ ನಂಬರನ್ನು ಬಾಲದ ಕಡೆಯಿಂದ ಓದುತ್ತದೆ! ಬಹುಕಾಲ ಅದರ ಲೆಕ್ಕ ಕೊನೆಯ 7 ಅಂಕಿ. ಅವು ತಾಳೆಯಾದರೆ ಮುಂದಿನದರ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಹಳ್ಳಿಯ ಪೋಸ್ಟ್‌ಮ್ಯಾನ್ ಪಿನ್‌ಕೋಡ್ ನೋಡದೆ ಮನೆ ಹೆಸರು ನೋಡಿಯೇ ಕಾಗದ ಕೊಡುತ್ತಿದ್ದರಲ್ಲ, ಹಾಗೆ!

ಕರೆಗಳ ಪಟ್ಟಿ ಇರುವುದು ಎಲ್ಲಿ ಹೇಳಿ? ಫೋನ್ ಆ್ಯಪ್‌ನಲ್ಲಲ್ಲ, ‘ಕಾಂಟ್ಯಾಕ್ಟ್ಸ್ ಸ್ಟೋರೇಜ್’ನಲ್ಲಿ! ಹೆಸರುಗಳೂ ಕರೆಗಳ ಲೆಕ್ಕವೂ ಒಂದೇ ಸೂರಿನಡಿ. ಇದು ನನಗೆ ತಿಳಿದದ್ದು ನಮ್ಮ ದೊಡ್ಡಮ್ಮನ ಫೋನಿನಿಂದ. ಜಾಗ ಸಾಲದು ಅಂತ ಅವರ ಮಗ ಒಂದೊಂದೇ ಆ್ಯಪ್ ತೆರೆದು ‘ಡೇಟಾ ಅಳಿಸಿ’ ಒತ್ತುತ್ತಾ ಬಂದ. ಇದನ್ನೂ ಒತ್ತಿದ. ಒಂದು ನಿಮಿಷಕ್ಕೆ ಹೆಸರುಗಳೂ ಇಲ್ಲ, ಕರೆಗಳೂ ಇಲ್ಲ! ಗೂಗಲ್ ಖಾತೆಯಲ್ಲಿದ್ದ ಹೆಸರುಗಳು ಸ್ವಲ್ಪ ಹೊತ್ತಿಗೆ ಒಂದೊಂದಾಗಿ ವಾಪಸ್ ಬಂದವು. ಫೋನಿನಲ್ಲಿ ಮಾತ್ರ ಉಳಿಸಿದ್ದವು ಬರಲಿಲ್ಲ. ಹಾಲಿನವನು, ಹೂವಿನವಳು, ಗ್ಯಾಸ್ ತರುವವನು, ಎಲ್ಲ ಹೋಯಿತು. ದೊಡ್ಡಮ್ಮ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ ನಂಬರುಗಳೇ ಅಂದು ಕೈಹಿಡಿದವು!

ಅಂದಹಾಗೆ, ಆಂಡ್ರಾಯ್ಡ್‌ನ ಮೂಲ ಕೋಡ್‌ನಲ್ಲಿ ಈ ಕರೆಪಟ್ಟಿಗೆ ಒಂದು ಮಿತಿ ಇದೆ, 500. 501ನೆಯ ಕರೆ ಬಂದರೆ ತೀರಾ ಹಳೆಯದು ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತದೆ!

ಎಸ್ಸೆಮ್ಮೆಸ್‌ಗಳಿಗೂ ಇಂಥದೇ ಒಂದು ಕಣಜ. ಮೆಸೇಜ್ ಆ್ಯಪ್ ತೆಗೆದು ಇನ್ನೊಂದು ಹಾಕಿದರೂ ಹಳೆಯ ಎಸ್ಸೆಮ್ಮೆಸ್‌ಗಳು ಹಾಗೇ ಇರುತ್ತವಲ್ಲ, ಗುಟ್ಟು ಇದೇ. ಅವು ಆ್ಯಪ್‌ನವಲ್ಲ, ಕಣಜದವು! 2013ರ ಆಂಡ್ರಾಯ್ಡ್ ಕಿಟ್‌ಕ್ಯಾಟ್‌ನಿಂದ ಈಚೆಗೆ ಆ ಕಣಜಕ್ಕೆ ಬರೆಯುವ ಹಕ್ಕು ಒಂದೇ ಒಂದು ಆ್ಯಪ್‌ಗೆ, ನೀವು ಆರಿಸಿದ ಮೆಸೇಜ್ ಆ್ಯಪ್‌ಗೆ. ವಿಚಿತ್ರ ಏನು ಗೊತ್ತೇ? ಮೊಬೈಲ್ ಇಂಟರ್ನೆಟ್‌ಗೆ ಬೇಕಾದ ಎಪಿಎನ್ ವಿವರಗಳೂ ಇದೇ ಕಣಜದ ಇನ್ನೊಂದು ಮೂಲೆಯಲ್ಲಿವೆ!

ಬಂದರೂ ಕಾಣದ ಎಸ್ಸೆಮ್ಮೆಸ್ ಇದೆ! ‘ಟೈಪ್ ಸೊನ್ನೆ’ ಅಂತ ಅದರ ಹೆಸರು. ಫೋನ್ ಅದನ್ನು ಪಡೆಯುತ್ತದೆ, ‘ತಲುಪಿತು’ ಎಂದು ಜಾಲಕ್ಕೆ ಉತ್ತರವನ್ನೂ ಕೊಡುತ್ತದೆ. ಗಂಟೆ ಬಾರಿಸುವುದಿಲ್ಲ, ತೋರಿಸುವುದಿಲ್ಲ, ಉಳಿಸಿಕೊಳ್ಳುವುದೂ ಇಲ್ಲ! ಇದಕ್ಕೆ ತದ್ವಿರುದ್ಧ ‘ಫ್ಲ್ಯಾಶ್’ ಎಸ್ಸೆಮ್ಮೆಸ್. ನೀವು ಏನು ಮಾಡುತ್ತಿದ್ದರೂ ಸರಿ, ತೆರೆಯ ಮೇಲೆ ಧುತ್ತೆಂದು ಬಂದು ನಿಲ್ಲುತ್ತದೆ.

ಯುಪಿಐ ಆ್ಯಪ್ ಮೊದಲ ಸಲ ಹಾಕಿದ ದಿನ ನೆನಪಿಸಿಕೊಳ್ಳಿ. ‘ನಿಮ್ಮ ನಂಬರ್ ಖಚಿತಪಡಿಸಿಕೊಳ್ಳುತ್ತಿದ್ದೇವೆ’ ಅಂತ ಚಕ್ರ ತಿರುಗಿತಲ್ಲ? ಆಗ ನಿಮ್ಮ ಫೋನೇ ಒಂದು ಎಸ್ಸೆಮ್ಮೆಸ್ ಕಳಿಸಿತು! ಒಟಿಪಿಯಾದರೆ ಹೊರಗಿನಿಂದ ಒಳಗೆ ಬರುತ್ತದೆ, ಇದು ಒಳಗಿನಿಂದ ಹೊರಗೆ ಹೋಗುತ್ತದೆ. ಈ ಸಿಮ್ ಈ ಫೋನಿನೊಳಗೇ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಅದಕ್ಕೇ ಆಗ ಎಸ್ಸೆಮ್ಮೆಸ್‌ಗೆ ಬೇಕಾದ ಬ್ಯಾಲೆನ್ಸ್ ಇಲ್ಲದಿದ್ದರೆ ಯುಪಿಐ ಮುಂದೆ ಹೋಗದೆ ನಿಂತುಬಿಡುತ್ತದೆ! ಐಫೋನ್ ಕೂಡ ಐಮೆಸೇಜ್ ಶುರು ಮಾಡಲು ಹೀಗೆಯೇ ಗುಟ್ಟಾಗಿ ಒಂದು ಎಸ್ಸೆಮ್ಮೆಸ್ ಕಳಿಸುತ್ತದೆ.

ಉಗುರಿನಷ್ಟಿರುವ ಸಿಮ್ ಕೂಡ ಒಂದು ಕಂಪ್ಯೂಟರ್! 1991ರಲ್ಲಿ ಜರ್ಮನಿಯ ಗೀಸೆಕೆ ಆ್ಯಂಡ್ ಡೆವ್ರಿಯೆಂಟ್ ಕಂಪನಿ ಫಿನ್ಲೆಂಡಿನ ರೇಡಿಯೊಲಿಂಜಾಗೆ ಮೊದಲ 300 ಸಿಮ್ ಮಾರಿದಾಗ ಅದರ ಗಾತ್ರ ಎಟಿಎಂ ಕಾರ್ಡಿನಷ್ಟಿತ್ತು. ಫೋನ್ ಸಿಮ್‌ಗೆ ಅಪ್ಪಣೆ ಕೊಡುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಸಿಮ್ಮೂ ಫೋನಿಗೆ ಅಪ್ಪಣೆ ಕೊಡುತ್ತದೆ! ‘ತೆರೆಯ ಮೇಲೆ ಇದನ್ನು ತೋರಿಸು’, ‘ಈ ಎಸ್ಸೆಮ್ಮೆಸ್ ಕಳಿಸು’, ‘ಈ ನಂಬರಿಗೆ ಕರೆ ಹಚ್ಚು’. ಆ ಅಪ್ಪಣೆಗಳನ್ನು ಪಾಲಿಸುವ ಆ್ಯಪ್ಪೇ ಸಿಮ್ ಟೂಲ್‌ಕಿಟ್. ಸಿಮ್ ತೆಗೆದುಬಿಡಿ, ಹಲವು ಫೋನ್‌ಗಳಲ್ಲಿ ಅದರ ಐಕಾನೇ ಕಾಣೆಯಾಗುತ್ತದೆ!

4ಜಿಯಲ್ಲಿ ಕರೆಗೆ ಅಂತ ಪ್ರತ್ಯೇಕ ದಾರಿಯೇ ಇಲ್ಲ ಎಂದರೆ ನಂಬುತ್ತೀರಾ? ಅದು ಹುಟ್ಟಿದ್ದೇ ಡೇಟಾಗಾಗಿ. ನಿಮ್ಮ ‘ಹಲೋ’ವನ್ನು ಚೂರುಚೂರು ಮಾಡಿ ಡೇಟಾ ಪೊಟ್ಟಣಗಳಲ್ಲಿ ತುಂಬಿ ಕಳಿಸಬೇಕು. ಆ ಕೆಲಸ ‘ಐಎಂಎಸ್’ ಎಂಬ ಒಳಗಿನ ಸೇವೆಯದು. 2016ರ ಸೆಪ್ಟೆಂಬರ್ 5ರಂದು ಜಿಯೊ ಶುರುವಾದಾಗ ಅದಕ್ಕೆ 2ಜಿ, 3ಜಿ ಎರಡೂ ಇರಲಿಲ್ಲ. ಈ ಸೇವೆ ಇಲ್ಲದಿದ್ದರೆ ಆ ಸಿಮ್‌ನಲ್ಲಿ ‘ಹಲೋ’ ಅನ್ನುವುದೇ ಆಗುತ್ತಿರಲಿಲ್ಲ!

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನುಗಳು ಒಟ್ಟಿಗೆ ಕಿರುಚಿಕೊಂಡವಲ್ಲ, ನೆನಪಿದೆಯೇ? ಸೈಲೆಂಟ್‌ನಲ್ಲಿಟ್ಟ ಫೋನೂ ಕೂಗಿತು, ಎಷ್ಟೋ ಮಂದಿ ಬೆಚ್ಚಿಬಿದ್ದರು! ಅದು ಪ್ರಾಕೃತಿಕ ವಿಕೋಪದ ಎಚ್ಚರಿಕೆಗಾಗಿ ನಡೆಸಿದ ಪರೀಕ್ಷೆ. ‘ಸೆಲ್ ಬ್ರಾಡ್‌ಕಾಸ್ಟ್’ ಎಂಬ ಎಲೆಮರೆಯ ಆ್ಯಪ್‌ನ ಕೆಲಸ ಅದು. ಅದನ್ನು ಕಳಿಸಿದವರ ಬಳಿ ನಿಮ್ಮ ನಂಬರ್ ಇರಲೇ ಇಲ್ಲ. ಬೇಕೂ ಇಲ್ಲ! ಊರಿನಲ್ಲಿ ಡಂಗುರ ಸಾರುವವನು ಮನೆಮನೆಯ ಹೆಸರು ಕೇಳುತ್ತಾನೆಯೇ? ಟವರ್ ಒಮ್ಮೆ ಸಾರುತ್ತದೆ, ಅದರ ವ್ಯಾಪ್ತಿಯಲ್ಲಿರುವ ಫೋನುಗಳೆಲ್ಲ ಕೇಳಿಸಿಕೊಳ್ಳುತ್ತವೆ. ಎಷ್ಟು ಲಕ್ಷ ಜನ ಇದ್ದರೂ ಒಂದೇ ಕೂಗು!

ಈಗ ನನಗೆ ತುಂಬಾ ಖುಷಿ ಕೊಟ್ಟ ವಿಷಯ. ಎಸ್ಸೆಮ್ಮೆಸ್‌ಗೆ 160 ಅಕ್ಷರದ ಮಿತಿ ಬಂದದ್ದು ಹೇಗೆ ಗೊತ್ತೇ? 1985ರಲ್ಲಿ ಜರ್ಮನಿಯ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಬಾನ್ ನಗರದ ತಮ್ಮ ಮನೆಯಲ್ಲಿ ಟೈಪ್‌ರೈಟರ್ ಮುಂದೆ ಕೂತರು. ಮನಸ್ಸಿಗೆ ಬಂದ ವಾಕ್ಯಗಳನ್ನು ಟೈಪ್ ಮಾಡಿದರು, ಅಕ್ಷರ ಎಣಿಸಿದರು. ಹೆಚ್ಚುಕಡಿಮೆ ಎಲ್ಲ 160ರ ಒಳಗೇ ಮುಗಿದವು. ಅಷ್ಟೇ, ಜಗತ್ತಿಗೇ ಅದು ಅಳತೆಯಾಯಿತು!

ಆದರೆ ಕನ್ನಡದಲ್ಲಿ ಬರೆದು ನೋಡಿ, ಮಿತಿ 70ಕ್ಕೆ ಇಳಿಯುತ್ತದೆ! ಎಸ್ಸೆಮ್ಮೆಸ್‌ನ ಹೊಟ್ಟೆ 140 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟೂ ಪೂರ್ತಿ ಬೇಡ, ಯೂನಿಕೋಡ್ ಕನ್ನಡದ ಪ್ರತಿ ಚಿಹ್ನೆಗೂ ಎರಡೆರಡು ಬೈಟ್ ಬೇಕು. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಫೋನಿನ ಲೆಕ್ಕದಲ್ಲಿ ಆರು! ಇಂಗ್ಲಿಷ್ ಮೆಸೇಜಿನ ಕೊನೆಗೆ ಒಂದೇ ಒಂದು ನಗುಮುಖದ ಇಮೋಜಿ ಹಾಕಿದರೂ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಬೀಳುತ್ತದೆ!

ಇಷ್ಟಕ್ಕೇ ಬೇಸರ ಬೇಡ. ಎಸ್ಸೆಮ್ಮೆಸ್‌ನ ಅಂತಾರಾಷ್ಟ್ರೀಯ ನಿಯಮಗ್ರಂಥದಲ್ಲಿ ಕನ್ನಡಕ್ಕೇ ಒಂದು ಪ್ರತ್ಯೇಕ ಅಕ್ಷರ ಕೋಷ್ಟಕ ಇದೆ! ಭಾಷೆಗಳಿಗೆ ಅಲ್ಲಿ ಸಂಖ್ಯೆ ಕೊಟ್ಟಿದ್ದಾರೆ. ಹಿಂದಿ 6, ಮಲಯಾಳಂ 8, ತೆಲುಗು 12. ಕನ್ನಡ 7! ಆ ಕೋಷ್ಟಕ ಹಿಡಿದು ಕಳಿಸಿದರೆ ಒಂದು ಎಸ್ಸೆಮ್ಮೆಸ್‌ನಲ್ಲಿ ಕನ್ನಡದ 155 ಚಿಹ್ನೆ ಹಿಡಿಸುತ್ತವೆ. ಕಳಿಸುವ ಫೋನ್, ಪಡೆಯುವ ಫೋನ್ ಎರಡಕ್ಕೂ ಅದು ಗೊತ್ತಿರಬೇಕು, ಅಷ್ಟೇ. ಆಂಡ್ರಾಯ್ಡ್‌ನ ಮೂಲ ಕೋಡ್‌ನಲ್ಲಿ ‘ಅ’ದಿಂದ ‘ಹ’ದವರೆಗೆ ಈ ಕೋಷ್ಟಕ ಅಚ್ಚುಕಟ್ಟಾಗಿ ಕೂತಿದೆ. ಯಾರೂ ತೆರೆಯದ ಆ ಮೂಲೆಯಲ್ಲಿ ನಮ್ಮ ಅಕ್ಷರಮಾಲೆ!

ವಿಮಾನ ಇಳಿದು ಫೋನ್ ಹಚ್ಚಿದ ಕೂಡಲೇ ಗಡಿಯಾರ ಆ ದೇಶದ ಸಮಯಕ್ಕೆ ತಿರುಗುತ್ತದಲ್ಲ, ಅದನ್ನು ಟವರ್‌ನಿಂದ ಕೇಳಿ ತಿಳಿದುಕೊಳ್ಳುವುದೂ ಇದೇ ಫೋನ್ ಸರ್ವಿಸಸ್!

ಕೊನೆಗೆ, ಇವತ್ತು ರಾತ್ರಿಯೇ ಒಂದು ಪ್ರಯೋಗ ಮಾಡಿ. ಫೋನನ್ನು ರೀಸ್ಟಾರ್ಟ್ ಮಾಡಿ. ಲಾಕ್ ತೆಗೆಯಬೇಡಿ, ಹಾಗೇ ಮೇಜಿನ ಮೇಲಿಡಿ. ಮನೆಯವರಿಗೆ ‘ನನಗೊಂದು ಕರೆ ಮಾಡಿ’ ಅನ್ನಿ. ಫೋನ್ ರಿಂಗ್ ಆಗುತ್ತದೆ. ಆದರೆ ತೆರೆ ನೋಡಿ, ಹೆಸರಿಲ್ಲ, ಫೋಟೊ ಇಲ್ಲ, ಬರೀ ನಂಬರ್! 2016ರ ಆಂಡ್ರಾಯ್ಡ್ 7ರಿಂದ ಫೋನಿನಲ್ಲಿ ಎರಡು ಬೀಗದ ಕೋಣೆಗಳಿವೆ. ಕರೆ, ಎಸ್ಸೆಮ್ಮೆಸ್ ನೋಡಿಕೊಳ್ಳುವವರ ಕೋಣೆ ಫೋನ್ ಎದ್ದ ಕೂಡಲೇ ತೆರೆಯುತ್ತದೆ. ಹೆಸರುಗಳ ಕೋಣೆ ತೆರೆಯಬೇಕಾದರೆ ನಿಮ್ಮ ಪಿನ್ ಬೇಕೇ ಬೇಕು. ಐಫೋನ್‌ನಲ್ಲೂ ಹೀಗೆಯೇ. ಈಗ ಲಾಕ್ ತೆಗೆದು ಇನ್ನೊಂದು ಸಲ ಕರೆ ಮಾಡಲು ಹೇಳಿ. ಅದೇ ನಂಬರ್, ಅದೇ ರಿಂಗ್. ಈ ಸಲ ‘ಅಮ್ಮ’!