ಇನ್ಸುಲಿನ್ ಕೊಟ್ಟ ಮೇಲೆ ಊಟ ತಡವಾದರೆ

ಆಪರೇಷನ್ ಆಗಿ ಮೂರನೇ ದಿನ. ಸಂಜೆ ಏಳಕ್ಕೆ ಸಿಸ್ಟರ್ ಬಂದು ನಮ್ಮ ಚಿಕ್ಕಮ್ಮನ ಬೆರಳು ಚುಚ್ಚಿ, ರಕ್ತದ ಹನಿಗೆ ಪಟ್ಟಿ ತಾಗಿಸಿದರು. ಐದು ಎಣಿಸುವಷ್ಟರಲ್ಲಿ ಗ್ಲೂಕೋಮೀಟರ್ 312 ತೋರಿಸಿತು. ಮಧ್ಯಾಹ್ನ 170 ಇತ್ತು. ಸಿಸ್ಟರ್ ಸಿರಿಂಜ್‌ಗೆ ಕೈ ಹಾಕಲಿಲ್ಲ. ಮೇಜಿನ ಮೇಲಿದ್ದ ಕಿತ್ತಳೆ ಸಿಪ್ಪೆ ನೋಡಿ, "ಹಣ್ಣು ಸುಲಿದದ್ದು ನೀವೇನಾ ಅಮ್ಮಾ?" ಅಂದರು. ಹೌದು, ಸುಲಿದದ್ದು ಚಿಕ್ಕಮ್ಮ, ತಿಂದದ್ದು ಮೊಮ್ಮಗ. ಸೋಪು ಹಚ್ಚಿ ಕೈ ತೊಳೆಸಿ, ಒರೆಸಿ, ಇನ್ನೊಂದು ಬೆರಳು ಚುಚ್ಚಿದರು. 168.

ಇಷ್ಟು ವ್ಯತ್ಯಾಸ ಹೇಗೆ? ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಸಕ್ಕರೆ ಡೆಸಿಲೀಟರಿಗೆ 100 ಮಿಲಿಗ್ರಾಂ ಇದ್ದರೆ, ನಮ್ಮ ಸುಮಾರು ಐದು ಲೀಟರ್ ರಕ್ತದಲ್ಲಿರುವ ಒಟ್ಟು ಗ್ಲೂಕೋಸ್ ಐದು ಗ್ರಾಂ, ಅಂದರೆ ಒಂದು ಟೀ ಚಮಚ. ಪಟ್ಟಿ ಹೀರುವುದು ಅರ್ಧ ಮೈಕ್ರೋಲೀಟರಿನಷ್ಟು ರಕ್ತ. ಅದರಲ್ಲಿರುವ ಸಕ್ಕರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲೂ ಇಲ್ಲ. ಬೆರಳಿಗೆ ಅಂಟಿದ ರಸದ ಕಣ್ಣಿಗೆ ಕಾಣದ ಕಲೆಯೂ ಅದರ ಮುಂದೆ ದೊಡ್ಡದೇ.

ಪಟ್ಟಿಯ ಒಳಗಿನ ಕೆಲಸ ಸೊಗಸಾಗಿದೆ. ಹಲವು ಪಟ್ಟಿಗಳಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವದ ಲೇಪನವಿರುತ್ತದೆ. ಇದನ್ನು ಆಸ್ಪರ್ಜಿಲಸ್ ನೈಜರ್ ಎಂಬ ಶಿಲೀಂಧ್ರದಿಂದ ತೆಗೆಯುತ್ತಾರೆ. ಈರುಳ್ಳಿ ಸಿಪ್ಪೆಯ ಮೇಲೆ ಕಾಡಿಗೆಯಂತೆ ಕೂರುವ ಬೂಷ್ಟು ಇದೆಯಲ್ಲ, ಅದೇ. ಈ ಕಿಣ್ವ ಗ್ಲೂಕೋಸನ್ನು ಹಿಡಿದು ಅದರಿಂದ ಎಲೆಕ್ಟ್ರಾನ್ ಕಸಿಯುತ್ತದೆ. ಪಟ್ಟಿಯಲ್ಲಿರುವ ಮತ್ತೊಂದು ರಾಸಾಯನಿಕ ಅದನ್ನು ಹೊತ್ತು ವಿದ್ಯುದ್ವಾರಕ್ಕೆ ಮುಟ್ಟಿಸುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಕರೆಂಟು ಹೆಚ್ಚು. ಆ ಕರೆಂಟನ್ನೇ ಮೀಟರ್ ಅಂಕಿಯಾಗಿ ತೋರಿಸುತ್ತದೆ. ಅದು ರಸದ ಸಕ್ಕರೆಯೋ ರಕ್ತದ್ದೋ ಎಂದು ಕೇಳುವುದಿಲ್ಲ.

ಇದಕ್ಕೆ ಮುಂಚೆ ಇದ್ದದ್ದು ಮೂತ್ರ ಪರೀಕ್ಷೆ. ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಿದರೆ ನೀಲಿ ಬಣ್ಣ ಹಸಿರು, ಹಳದಿ, ಕೊನೆಗೆ ಇಟ್ಟಿಗೆ ಕೆಂಪಿಗೆ ತಿರುಗುತ್ತಿತ್ತು. ಆದರೆ ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುವುದು. ಅದೂ ಕೆಲವು ಗಂಟೆ ಹಳೆಯ ಸುದ್ದಿ. ಸಕ್ಕರೆ ಕುಸಿದಿದೆಯೇ ಎಂಬುದನ್ನು ಮೂತ್ರ ಹೇಳಲಾರದು. ಔಷಧಿ ಕೊಟ್ಟ ಮೇಲೆ ನಮಗೆ ತಿಳಿಯಬೇಕಾದದ್ದು ಅದೇ. 1965ರಲ್ಲಿ ರಕ್ತಕ್ಕೆಂದೇ ಡೆಕ್ಸ್ಟ್ರೋಸ್ಟಿಕ್ಸ್ ಪಟ್ಟಿ ಬಂತು. ಅದರ ಬಣ್ಣ ಓದುವ ಆಂಟನ್ ಕ್ಲೆಮೆನ್ಸ್‌ರ ಯಂತ್ರಕ್ಕೆ 1971ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ತೂಕ ಒಂದು ಕಿಲೋಗೂ ಹೆಚ್ಚು!

ಕುಸಿತ ಎಷ್ಟು ಅನಿರೀಕ್ಷಿತವಾಗಿ ಬರಬಹುದು ಎಂಬುದಕ್ಕೆ ಫ್ರಾನ್ಸಿನ ಮಾಂಪೆಲಿಯೆಯ ಕಥೆಯೊಂದಿದೆ. 1942ರಲ್ಲಿ ಅಲ್ಲಿನ ವೈದ್ಯ ಮಾರ್ಸೆಲ್ ಜಾನ್‌ಬಾಂ ಟೈಫಾಯಿಡ್ ರೋಗಿಗಳಿಗೆ ಹೊಸ ಸಲ್ಫಾ ಔಷಧಿ ಕೊಟ್ಟು ನೋಡುತ್ತಿದ್ದರು. ಜ್ವರದ ಮಾತು ಹಾಗಿರಲಿ, ಕೆಲವರಿಗೆ ಫಿಟ್ಸ್ ಬಂತು, ಕೆಲವರು ತೀರಿಕೊಂಡರು. ಕಾರಣ, ರಕ್ತದ ಸಕ್ಕರೆ ಇಳಿದಿತ್ತು. ಸಕ್ಕರೆ ಕಾಯಿಲೆಗೆ ಕೊಡುವ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಗಳ ವಂಶ ಶುರುವಾದದ್ದು ಆ ವಾರ್ಡಿನಿಂದ.

ಇನ್ಸುಲಿನ್ನಿನ ಗಡಿಯಾರ ಬೇರೆ. ಚರ್ಮದಡಿ ಕೊಟ್ಟ ರೆಗ್ಯುಲರ್ ಇನ್ಸುಲಿನ್ ಅರ್ಧ ಗಂಟೆಗೆ ಕೆಲಸ ಹಿಡಿಯುತ್ತದೆ, ಎರಡು–ನಾಲ್ಕು ಗಂಟೆಗೆ ಜೋರಾಗುತ್ತದೆ, ಆರೆಂಟು ಗಂಟೆ ಉಳಿಯುತ್ತದೆ. ಅಷ್ಟರಲ್ಲಿ ಊಟ ಹೊಟ್ಟೆ ಸೇರಿರಬೇಕು. ವಾರ್ಡಿನಲ್ಲಿ ತಪ್ಪುವುದು ಇಲ್ಲೇ. ಹನ್ನೆರಡೂವರೆಗೆ ಇಂಜೆಕ್ಷನ್ ಆಯಿತು, ಊಟದ ಗಾಡಿ ಬರುವ ಮೊದಲೇ ಸ್ಕ್ಯಾನ್‌ಗೆ ಕರೆದೊಯ್ದರು, ವಾಪಸ್ ಬರುವಾಗ ಎರಡೂವರೆ. ಇನ್ಸುಲಿನ್ ಯಾರಿಗೂ ಕಾಯುವುದಿಲ್ಲ. ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಆಮೇಲೆ ತೊದಲು. ವಯಸ್ಸಾದವರಲ್ಲಿ ಬರೀ ಮಂಪರು ಕಾಣಬಹುದು, ಮನೆಯವರು 'ನಿದ್ದೆ ಬಂದಿದೆ' ಅಂದುಕೊಳ್ಳುತ್ತಾರೆ. 70ಕ್ಕಿಂತ ಕೆಳಗಿಳಿದರೆ ಎಚ್ಚರವಿರುವ ರೋಗಿಗೆ 15 ಗ್ರಾಂ ಗ್ಲೂಕೋಸ್ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡುತ್ತಾರೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕುವಂತಿಲ್ಲ, ಗ್ಲೂಕೋಸ್ ರಕ್ತನಾಳಕ್ಕೇ ಹೋಗಬೇಕು. ಕಿಡ್ನಿ ಸೋತವರಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯ ಪರಿಣಾಮ ಉಳಿದುಕೊಂಡು ಕುಸಿತ ಮರುಕಳಿಸಬಹುದು. ಒಮ್ಮೆ ಸರಿಹೋಯಿತು ಎಂದು ಮೀಟರ್ ಒಳಗಿಡುವಂತಿಲ್ಲ.

ಹಾಗಾದರೆ ಸಕ್ಕರೆಯನ್ನು ಎಷ್ಟಕ್ಕೆ ಇಳಿಸಬೇಕು? ಒಂದು ಕಾಲಕ್ಕೆ ಐಸಿಯುಗಳಲ್ಲಿ ಬಿಗಿ ಹಿಡಿತವೇ ಸರಿ ಎಂಬ ಹುಮ್ಮಸ್ಸಿತ್ತು. ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ನೈಸ್-ಶುಗರ್ ಅಧ್ಯಯನ ಅದಕ್ಕೆ ತಣ್ಣೀರೆರಚಿತು. 81ರಿಂದ 108ರೊಳಗೆ ಇಡಲು ಯತ್ನಿಸಿದ ಗುಂಪಿನಲ್ಲಿ ಸಾವು ಶೇ 27.5, ಗುರಿ 180 ಅಥವಾ ಅದರೊಳಗೆ ಎಂದಿದ್ದ ಗುಂಪಿನಲ್ಲಿ ಶೇ 24.9. ಈಗ ಐಸಿಯು ರೋಗಿಗಳಲ್ಲೂ ಬಹುಪಾಲು ಜನರಿಗೆ 140–180 ಸಾಕು ಅನ್ನುತ್ತಾರೆ. ಚೀಟಿಯಲ್ಲಿ 165 ಕಂಡು ಡಾಕ್ಟರ ಹತ್ತಿರ ಜಗಳಕ್ಕೆ ಹೋಗುವವರು ಇದನ್ನು ಗಮನಿಸಬೇಕು. ಆಗಿನ ಅಂಕಿ ನೋಡಿ ಇನ್ಸುಲಿನ್ ಪ್ರಮಾಣ ಗೊತ್ತುಮಾಡುವ 'ಸ್ಲೈಡಿಂಗ್ ಸ್ಕೇಲ್' ಒಂದನ್ನೇ ನೆಚ್ಚಿಕೊಳ್ಳುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಏರಿದ ಮೇಲೆ ಇನ್ಸುಲಿನ್ ಕೊಡುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಮೀಟರಿಗೂ ಮಿತಿಯಿದೆ. 100 ಮೇಲ್ಪಟ್ಟ ಅಂಕಿ ಶೇ 15ರಷ್ಟು ಆಚೀಚೆ ಇದ್ದರೂ ಅಂತರರಾಷ್ಟ್ರೀಯ ಮಾನದಂಡ ಒಪ್ಪುತ್ತದೆ. ರಕ್ತಹೀನತೆ ಇದ್ದರೆ ಅಂಕಿ ನಿಜಕ್ಕಿಂತ ಹೆಚ್ಚು ಕಾಣಬಹುದು, ಇರುವ ಕುಸಿತವೇ ಮರೆಯಾಗಬಹುದು. ಅಂಕಿ ಚೆನ್ನಾಗಿದ್ದು ರೋಗಿ ಬೆವರುತ್ತಿದ್ದರೆ ರೋಗಿಯನ್ನು ನಂಬಬೇಕು, ಲ್ಯಾಬಿಗೆ ರಕ್ತ ಕಳಿಸಬೇಕು.

ಆಸ್ಪತ್ರೆಯಲ್ಲಿ ನಿಮ್ಮವರ ಜೊತೆಗಿದ್ದರೆ ಚುಚ್ಚುವ ಮುಂಚೆ ಅವರ ಕೈ ತೊಳೆಸಿ ಒರೆಸಿ. ಊಟ ಬಂದಿಲ್ಲ, ಅಥವಾ ಎರಡು ತುತ್ತು ತಿಂದು ತಟ್ಟೆ ಸರಿಸಿಬಿಟ್ಟರು ಎಂದಾದರೆ ಸಂಕೋಚಪಡದೆ ತಕ್ಷಣ ಸಿಸ್ಟರ್‌ಗೆ ಹೇಳಿ. ಅದನ್ನು ಯಾವ ಮೀಟರೂ ಅಳೆಯುವುದಿಲ್ಲ.