ಇನ್ನೂ ನೂರಡಿ ಕೊರೆಯೋಣವೇ?



ಪುಲ್ಪಳ್ಳಿ, ಮುಳ್ಳಂಕೊಲ್ಲಿ ಕಡೆಯವರಿಗೆ ಬೋರ್‌ವೆಲ್ಲಿನ ಕಷ್ಟ ಹೇಳಿಕೊಡಬೇಕಾಗಿಲ್ಲ. ಕಬಿನಿ ಹತ್ತಿರದಲ್ಲೇ ಹರಿದರೂ ಬೇಸಗೆಯಲ್ಲಿ ನೀರಿಗೆ ಪರದಾಟ. ನಮ್ಮದು ಗಟ್ಟಿ ಬಂಡೆಯ ನೆಲ. ಮೇಲಿನ ಮಣ್ಣು ದಾಟಿದರೆ ಬಂಡೆಯ ಬಿರುಕಿನಲ್ಲಷ್ಟೇ ನೀರು. ಆಳಕ್ಕಿಳಿದಂತೆ ಸಾಮಾನ್ಯವಾಗಿ ಬಿರುಕು ಕಡಿಮೆಯಾಗುತ್ತದೆ, ಖರ್ಚು ಏರುತ್ತದೆ. ‘ಇನ್ನೂ ನೂರಡಿ ಹೋಗೋಣವೇ?’ ಎಂದು ಲಾರಿಯವರು ಕೇಳಿದಾಗ ಏನು ಹೇಳುವುದೆಂದು ನೀವೂ ತಡವರಿಸಿರಬಹುದು. ಪೆಟ್ರೋಲಿಯಂ ಎಣ್ಣೆಯ ಬಗ್ಗೆ ಜಗತ್ತು ಕೇಳಿಕೊಳ್ಳುತ್ತಿರುವುದೂ ಇದೇ ಪ್ರಶ್ನೆಯನ್ನು.

1956ರಲ್ಲಿ ಅಮೆರಿಕದ ಭೂವಿಜ್ಞಾನಿ ಕಿಂಗ್ ಹಬ್ಬರ್ಟ್ ಒಂದು ಲೆಕ್ಕ ಮುಂದಿಟ್ಟರು. ಎಣ್ಣೆಯ ಉತ್ಪಾದನೆ ಗುಡ್ಡ ಹತ್ತಿ ಇಳಿದ ಹಾಗೆ: ಏರುತ್ತದೆ, ತುದಿ ಮುಟ್ಟುತ್ತದೆ, ಮತ್ತೆ ಇಳಿಯುತ್ತದೆ. ಅಮೆರಿಕದಲ್ಲಿ ಆ ತುದಿ 1965ರಿಂದ 1970ರ ಸುಮಾರಿಗೆ ಬರುವುದೆಂದರು. 1970ರಲ್ಲಿ ಹಾಗೆಯೇ ಆಯಿತು. ಆದರೆ ಇಡೀ ಜಗತ್ತಿನ ತುದಿ 2000ದ ಸುಮಾರಿಗೆ ಎಂದ ಅವರ ಮಾತು ನಿಜವಾಗಲಿಲ್ಲ.

ಕಾರಣವೇನು? ಬೆಲೆ ಏರಿದಾಗ ಹೊಸ ಉಪಾಯಗಳು ಹುಟ್ಟಿದವು. ಶೇಲ್ ಎಂಬ ಪದರಗಲ್ಲಿನೊಳಗೆ ಅಡ್ಡಡ್ಡಲಾಗಿ ಕೊರೆದು, ನೀರು ಮರಳನ್ನು ರಭಸದಿಂದ ನುಗ್ಗಿಸಿ, ಕಲ್ಲು ಬಿರಿಯುವಂತೆ ಮಾಡಿ ಎಣ್ಣೆ ತೆಗೆದರು. 2018ರಲ್ಲಿ ಅಮೆರಿಕ ತನ್ನ 1970ರ ದಾಖಲೆಯನ್ನೇ ಮೀರಿತು. ‘ಎಣ್ಣೆಗೆ ಕೊರತೆಯಿಲ್ಲ’ ಎನ್ನುವವರು ಇದನ್ನೇ ತೋರಿಸುತ್ತಾರೆ. ‘ಸ್ವಲ್ಪ ನಿಲ್ಲಿ’ ಎನ್ನುವವರ ಉತ್ತರವೂ ಇದೆ: ಹೆಚ್ಚಿನ ಶೇಲ್ ಬಾವಿಗಳ ಇಳುವರಿ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಒಂದರ ಹಿಂದೆ ಒಂದು ಕೊರೆಯುತ್ತಲೇ ಇರಬೇಕು.

ನಮ್ಮ ದೇಶದಲ್ಲಿ 1974ರಲ್ಲಿ ಅರಬ್ಬೀ ಸಮುದ್ರದ ಬಾಂಬೆ ಹೈಯಲ್ಲಿ ಎಣ್ಣೆ ಸಿಕ್ಕಿತು. 1976ರಲ್ಲಿ ಉತ್ಪಾದನೆ ಆರಂಭವಾಗಿ, 1989-90ರ ಹೊತ್ತಿಗೆ ತುದಿ ಮುಟ್ಟಿ, ಆಮೇಲೆ ಇಳಿಯಿತು. ಇಂದು ನಮಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಹೊರದೇಶದ್ದು. ದೂರದ ಕೊಲ್ಲಿಯಲ್ಲಿ ಯುದ್ಧವಾದರೆ ಗುಂಡ್ಲುಪೇಟೆಯಿಂದ ಮುತ್ತಂಗ ದಾಟಿ ಬರುವ ತರಕಾರಿಯ ಬೆಲೆಗೂ ಬಿಸಿ ತಟ್ಟಬಹುದು.

ಕೋಲಾರದ ಚಿನ್ನದ ಗಣಿಯನ್ನು ನೆನಪಿಸಿಕೊಳ್ಳಿ. 3 ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಆ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ಪೂರ್ತಿ ಮುಗಿದಿತ್ತೆಂದಲ್ಲ. ಸಿಗುವ ಚಿನ್ನಕ್ಕಿಂತ ತೆಗೆಯುವ ಖರ್ಚು ಹೆಚ್ಚಾಗಿತ್ತು. ಎಣ್ಣೆಯ ಮಿತಿಯೂ ಹಾಗೆಯೇ. ತಳ ಬರಿದಾಗುವ ಎಷ್ಟೋ ಮೊದಲೇ ಲೆಕ್ಕ ತಪ್ಪುತ್ತದೆ.

ನಮ್ಮ ಬಾವಿಗೂ ಎಣ್ಣೆಬಾವಿಗೂ ಒಂದು ವ್ಯತ್ಯಾಸವಿದೆ. ಎಣ್ಣೆಯಾಗಲು ಕೋಟಿಗಟ್ಟಲೆ ವರ್ಷ ಬೇಕು. ನೀರಿಗೆ ಪ್ರತಿವರ್ಷ ಮಳೆ ಬರುತ್ತದೆ. ಹೊಲದ ಬದುವಿನಲ್ಲಿ ಇಂಗುಗುಂಡಿ ತೋಡಿದರೆ ತೆಗೆದದ್ದರಲ್ಲಿ ಸ್ವಲ್ಪವಾದರೂ ನೆಲಕ್ಕೆ ಮರಳುತ್ತದೆ. ಆದ್ದರಿಂದ ಮುಂದಿನ ನೂರಡಿಗೆ ದುಡ್ಡು ಎಣಿಸುವ ಮೊದಲು, ಈ ಮುಂಗಾರಿನ ನೀರು ನಿಮ್ಮ ಹೊಲದಿಂದ ಯಾವ ಕಡೆ ಹರಿದುಹೋಗುತ್ತಿದೆ ಎಂದು ಒಮ್ಮೆ ನಡೆದು ನೋಡಿ.